ಲೀಡ್ ಕೊಂಡು 21 ಸಾವಿರ ಹೋಯ್ತು. ತಪ್ಪು ನಂದಾ, ಲೀಡ್‌ದಾ?

ಬೆಣ್ಣೆದೋಸೆ_ಏಜೆಂಟ್
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು. ಐಸಿ-38 (ವಿಮಾ ಏಜೆಂಟರ ಪರೀಕ್ಷೆ) ಪಾಸಾಗಿ ಏಜೆನ್ಸಿ ತಗೊಂಡು ಎಂಟು ತಿಂಗಳಾಯ್ತು. ಮೊದಲ ಮೂರು ತಿಂಗಳು ಮಾವ, ಚಿಕ್ಕಪ್ಪ, ಕಾಲೇಜಿನ ಗೆಳೆಯರು ಅಂತ ಏಳು ಪಾಲಿಸಿ ಆದವು. ಆಮೇಲೆ ಬಾವಿ ಬತ್ತಿತು. ಈಗ ಮದುವೆ ಮನೆಗೆ ಹೋದರೆ ನನ್ನನ್ನು ನೋಡಿದವರು ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ.

ಆಗ ಫೇಸ್‌ಬುಕ್‌ನಲ್ಲಿ ಲೀಡ್, ಅಂದರೆ ವಿಮೆ ಬೇಕಿರಬಹುದಾದವರ ಹೆಸರು, ಫೋನ್ ನಂಬರ್ ಮಾರುವ ಒಬ್ಬರು ಸಿಕ್ಕರು. 'ವಿಮೆ ಬೇಕು ಅಂತ ತಾವೇ ಫಾರಂ ತುಂಬಿದವರು, ನೀವು ಫೋನ್ ಮಾಡಿದರೆ ಸಾಕು' ಅಂದರು. ಲೀಡ್‌ಗೆ 150 ರೂಪಾಯಿಯಂತೆ 120 ಲೀಡ್, 18,000. ಮೇಲೆ ಜಿಎಸ್‌ಟಿ 3,240. ಒಟ್ಟು 21,240. ನನಗೆ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ ಅದೂ ಹೋಯ್ತು ಅಂತಲೇ ಲೆಕ್ಕ.

ಏನಾಯ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೀನಿ. 31 ನಂಬರ್ ಸ್ವಿಚ್ ಆಫ್ ಅಥವಾ ಬೇರೆ ಯಾರದ್ದೋ. 27 ಜನ ಎತ್ತಲೇ ಇಲ್ಲ. 22 ಜನ 'ನಾನು ಯಾವ ಫಾರಂನೂ ತುಂಬಿಲ್ಲ' ಅಂದರು, ಅದರಲ್ಲಿ ಇಬ್ಬರು ಬೈದರು. 14 ಜನಕ್ಕೆ ಬೇಕಾಗಿದ್ದು ಸಾಲ. 9 ಜನ ಬೇರೆಯವರ ಹತ್ತಿರ ಆಗಲೇ ಮಾಡಿಸಿದ್ದರು. ಉಳಿದ 17 ಜನ ನೆಟ್ಟಗೆ ಮಾತಾಡಿದರು. ಐದು ಜನರನ್ನು ಭೇಟಿ ಮಾಡಿದೆ, ಒಂದು ಪಾಲಿಸಿ ಆಯ್ತು. ವರ್ಷಕ್ಕೆ 24,000 ಕಂತು, ಶೇ. 25ರ ಲೆಕ್ಕದಲ್ಲಿ ನನಗೆ 6,000.

ಈ 17 ಜನರಲ್ಲೂ ಕೆಲವರು '436 ರೂಪಾಯಿದು ತಾನೆ ಸರ್?' ಅಂತ ಕೇಳಿದರು. ಯಾಕೆ ಅಂತ ಗೊತ್ತಾಗಲಿಲ್ಲ. ತಿಂಗಳಿಗೆ ಅಷ್ಟು ಕಟ್ಟೋಕೆ ರೆಡಿ ಇದ್ದಾರೆ ಅಂದುಕೊಂಡು ಪ್ಲಾನ್ ವಿವರಿಸಿದೆ, ಮುಖ ಸಪ್ಪೆ ಮಾಡಿಕೊಂಡರು.

ತಪ್ಪು ನನ್ನ ಮಾತಿನದ್ದಾ, ಲೀಡ್‌ದಾ? ಇನ್ನೊಂದು ಸಲ ತಗೊಳ್ಳಲಾ, ಬಿಡಲಾ? ಅನುಭವ ಇದ್ದವರು ಹೇಳಿ.

ಕುಡ್ಲದ_ಲೆಕ್ಕಿಗ
ನೋಟ್‌ಬುಕ್ ಇಟ್ಟದ್ದಕ್ಕೆ ಮೊದಲು ಒಂದು ಶಹಬ್ಬಾಸ್ ಮಾರಾಯ್ರೆ. ನಾನು ಕಂಡ ಏಜೆಂಟರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ 'ಲೀಡ್ ವೇಸ್ಟ್' ಅಂತ ಹೇಳುವುದು ಮಾತ್ರ, ಎಷ್ಟರಲ್ಲಿ ಎಷ್ಟು ವೇಸ್ಟ್ ಅಂತ ಕೇಳಿದರೆ ಆಕಾಶ ನೋಡ್ತಾರೆ.

ನೀವು ಲೀಡ್‌ಗೆ 150 ಕೊಟ್ಟದ್ದಲ್ಲ. ನೆಟ್ಟಗೆ ಮಾತಾಡಿದವರು 17 ಮಂದಿ ಅಂದರೆ ಒಂದೊಂದು ಮಾತುಕತೆಗೆ ಬಿದ್ದದ್ದು ಸುಮಾರು 1,250. ಒಂದು ಭೇಟಿಗೆ 4,248. ಮಾರುವವ ಈ ಲೆಕ್ಕ ಯಾವತ್ತೂ ಹೇಳುವುದಿಲ್ಲ. ಅಸಲು ಹುಟ್ಟಬೇಕಾದರೆ ಇಂಥದ್ದೇ ನಾಲ್ಕು ಪಾಲಿಸಿ ಬೇಕಿತ್ತು. ಮೂವತ್ತಕ್ಕೆ ಒಂದು. ನಿಮ್ಮ ಪೆಟ್ರೋಲ್, ಚಹಾ, ಮೂರು ವಾರದ ದುಡಿಮೆ ಇದರಲ್ಲಿ ಸೇರಿಲ್ಲ.

ಇನ್ನೊಂದು ವಿಷಯ. ಆ ಒಬ್ಬರು ಮುಂದಿನ ವರ್ಷ ಎರಡನೇ ಕಂತು ಕಟ್ತಾರಾ? ಕಂಪನಿಯವರು 13ನೇ ತಿಂಗಳ ಪರ್ಸಿಸ್ಟೆನ್ಸಿ (ಎರಡನೇ ವರ್ಷಕ್ಕೂ ಎಷ್ಟು ಪಾಲಿಸಿ ಉಳಿಯಿತು ಎಂಬ ಲೆಕ್ಕ) ಅಂತ ಸುಮ್ಮನೆ ತಲೆ ತಿನ್ನುವುದಲ್ಲ. ಪರಿಚಯದವರಾದರೆ ನಿಮ್ಮ ಮುಖ ನೋಡಿಯಾದರೂ ಕಟ್ತಾರೆ. ಲೀಡ್‌ನಿಂದ ಬಂದವರಿಗೆ ನಿಮ್ಮ ಮುಖದ ಹಂಗಿಲ್ಲ.

ನಿವೃತ್ತ_ಡಿಓ_ಧಾರವಾಡ
ತಮ್ಮಾ, ನಿನ್ನ ಪೋಸ್ಟ್ ಓದಿ ಮೊದಲ ನಗಿ ಬಂತು, ಆಮ್ಯಾಲ ಕೆಟ್ಟ ಅನಿಸ್ತು. ನಾ ಡೆವಲಪ್‌ಮೆಂಟ್ ಆಫೀಸರ್ ಇದ್ದಾಗ ನನ್ನ ಕೈಯಾಗ ನಲವತ್ತು ಏಜೆಂಟರು ಇದ್ರು. ಒಬ್ಬರೂ ರೊಕ್ಕಾ ಕೊಟ್ಟು ಹೆಸರು ಕೊಂಡಿದ್ದಿಲ್ಲ. ಸಾಲಿ ಮಾಸ್ತರರು, ಕೆಇಬಿ ಲೈನ್‌ಮನ್‌ಗೋಳು, ಬಸ್ ಡಿಪೋದವರು. ಪಗಾರದಾಗ ಕಟ್ ಆಗೋ ಸ್ಕೀಮ್ ಇತ್ತು, ಒಬ್ಬ ಹೆಡ್‌ಮಾಸ್ತರ್ ಹೂಂ ಅಂದ್ರ ಇಡೀ ಸಾಲಿ ಹೂಂ ಅಂತಿತ್ತು. ಹೊಸ ವರ್ಷಕ್ಕ ಕ್ಯಾಲೆಂಡರ್ ಕೊಡಾಕ ಹೋದ್ರ ಚಾ ಕುಡಿಸಿ, 'ನಮ್ಮ ತಂಗಿ ಗಂಡಗ ಕೂಸು ಹುಟ್ಟೈತಿ, ಅವನ ಕಡೆ ಹೋಗ್ರಿ' ಅಂತಿದ್ರು. ಅದ ನಮ್ಮ ಲೀಡ್.

ಏಳು ಪಾಲಿಸಿ ಮಾಡೀದಿ ಅಂದಿ. ಆ ಏಳು ಮಂದಿ ಮನೀಗೆ ತಿರುಗಿ ಎಷ್ಟು ಸಲ ಹೋಗೀದಿ? ಬಾಂಡ್ ಬಂತೋ ಇಲ್ಲೋ, ನಾಮಿನಿ ಹೆಸರು ಸರಿ ಐತೋ ಇಲ್ಲೋ ಕೇಳೀದಿಯೇನು?

ಫಾರಂ_ತುಂಬಿದವಳು
ಡಿಓ ಸರ್, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳ್ತೀನಿ. ಆ ಚಹಾ, ಕ್ಯಾಲೆಂಡರ್, ನಂಬಿಕೆ ಅಂತೀರಲ್ಲ, ಅದರ ಇನ್ನೊಂದು ತುದಿಯಲ್ಲಿ ಕೂತವಳು ನಾನು. ನನ್ನ ಸೋದರಮಾವನೇ ಏಜೆಂಟ್. ಅಪ್ಪನ ಹತ್ತಿರ ಐದು ಪಾಲಿಸಿ ಮಾಡಿಸಿದ್ದರು. ಅಪ್ಪ ತೀರಿಕೊಂಡಾಗ ಐದೂ ಸೇರಿ ಬಂದ ಹಣ ಒಂದು ವರ್ಷದ ಮನೆ ಖರ್ಚಿಗೆ ಸಾಲಲಿಲ್ಲ. ಎಲ್ಲ ಮನಿಬ್ಯಾಕ್, ಆಗಾಗ ಸ್ವಲ್ಪ ಹಣ ವಾಪಸ್ ಬರುವಂಥವು. ಟರ್ಮ್ (ಕಡಿಮೆ ಕಂತಿಗೆ, ತೀರಿಕೊಂಡರೆ ಮಾತ್ರ ದೊಡ್ಡ ಮೊತ್ತ ಕೊಡುವ ವಿಮೆ) ಅನ್ನೋ ಪದ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಾವನನ್ನು ಕೇಳೋಕಾಗುತ್ತಾ? ಇವತ್ತಿಗೂ ಹಬ್ಬಕ್ಕೆ ಬರ್ತಾರೆ.

ಅದಕ್ಕೇ ನಾನು ಆನ್‌ಲೈನ್ ಫಾರಂ ತುಂಬಿದ್ದು. ಗುರುತಿಲ್ಲದವರು ಯಾರಾದರೂ ಹೇಳಲಿ, ಬೇಡ ಅನಿಸಿದರೆ ಸಂಕೋಚ ಇಲ್ಲದೆ ಬೇಡ ಅನ್ನಬಹುದು ಅಂತ. ಫಾರಂ ತುಂಬುವವರೆಲ್ಲ ದಡ್ಡರು, ಟೈಂಪಾಸ್‌ಗೆ ಒತ್ತಿದವರು ಅಂದುಕೊಳ್ಳಬೇಡಿ.

ಆದರೆ ಆಮೇಲಿನ ಕತೆ ಕೇಳಿ. ಬೇಕಾಗಿದ್ದು ಅಮ್ಮನಿಗೆ ಆರೋಗ್ಯ ವಿಮೆ. ನಲವತ್ತು ನಿಮಿಷದಲ್ಲಿ ಹನ್ನೊಂದು ಫೋನ್. ಮೂವರು ಹಿಂದಿಯಲ್ಲೇ ಶುರು ಮಾಡಿದರು. ಒಬ್ಬ 'ಮೊದಲ ಕಂತು ನಾನೇ ವಾಪಸ್ ಕೊಡ್ತೀನಿ' ಅಂದ. ಇನ್ನೊಬ್ಬ 'ಶುಗರ್ ಇದ್ದರೆ ಬರೆಯಲೇಬೇಡಿ, ಯಾರೂ ನೋಡಲ್ಲ' ಅಂದ. ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗಿದೆ. ಎರಡು ದಿನ ಬಿಟ್ಟು ಒಬ್ಬರು ಮೆಸೇಜ್ ಮಾಡಿದರು, ಕನ್ನಡದಲ್ಲಿ, ಎರಡೇ ಸಾಲು: 'ಅಮ್ಮನಿಗೆ ಶುಗರ್ ಎಷ್ಟು ವರ್ಷದಿಂದ ಇದೆ ಮೇಡಂ? ಅದನ್ನು ನೋಡದೆ ಯಾವ ಪಾಲಿಸಿನೂ ಹೇಳೋಕಾಗಲ್ಲ.' ಅವರ ಹತ್ತಿರವೇ ಮಾಡಿಸಿದೆ. ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗುತ್ತೆ ಅಂತ ಬಾಯಿ ಬಿಟ್ಟು ಹೇಳಿದ್ದು ಅವರೊಬ್ಬರೇ. ಆ ಹನ್ನೊಂದು ಜನವೂ, ಇವರೂ ಒಂದೇ ಲೀಡ್ ಕೊಂಡವರು.

ಮಾಜಿ_ಲೀಡ್_ಹುಡುಗ
ಹಳೇ ಅಕೌಂಟ್ ಬಿಟ್ಟು ಹೊಸದರಿಂದ ಬರೀತಿದ್ದೀನಿ, ಕಾರಣ ಅರ್ಥವಾಗುತ್ತೆ. ಬೆಂಗಳೂರಿನಲ್ಲಿ ಲೀಡ್ ಮಾರುವ ಕಡೆ ಎರಡು ವರ್ಷ ಕೆಲಸ ಮಾಡಿದೆ. ಹೆಸರು ಕೇಳಬೇಡಿ.

ಲೀಡ್ ಹೇಗೆ ಹುಟ್ಟುತ್ತೆ ಅಂದರೆ, ಫೇಸ್‌ಬುಕ್ಕಲ್ಲೋ ಇನ್‌ಸ್ಟಾದಲ್ಲೋ ಜಾಹೀರಾತು ಬಿಡ್ತೀವಿ. ಒತ್ತಿದರೆ ಅಲ್ಲೇ ಒಂದು ಫಾರಂ ತೆರೆದುಕೊಳ್ಳುತ್ತೆ. ಹೆಸರು, ಫೋನ್ ಎಲ್ಲ ಪ್ರೊಫೈಲ್‌ನಿಂದ ತಾನಾಗೇ ತುಂಬಿರುತ್ತೆ, ಅವರು ಬೆರಳಿಂದ ಸಬ್ಮಿಟ್ ಒತ್ತಿದರೆ ಮುಗೀತು. ಎಷ್ಟೋ ಜನ ಫೇಸ್‌ಬುಕ್‌ಗೆ ಕೊಟ್ಟಿದ್ದು ಹತ್ತು ವರ್ಷದ ಹಿಂದಿನ ನಂಬರ್. ನಿಮ್ಮ 31 'ಬೇರೆ ಯಾರದ್ದೋ' ನಂಬರ್‌ಗಳಲ್ಲಿ ದೊಡ್ಡ ಪಾಲು ಅದೇ ಇರಬೇಕು. 'ನಾನು ತುಂಬಿಲ್ಲ' ಅಂದ 22 ಜನವೂ ಸುಳ್ಳು ಹೇಳ್ತಿಲ್ಲ. ತುಂಬಿಲ್ಲ ನಿಜ, ಒತ್ತಿದ್ದಾರೆ ಅಷ್ಟೇ. ಓಟಿಪಿ ಹಾಕಿಸಬಹುದು, ನಂಬರ್ ಸರಿ ಇದೆಯಾ ಅಂತ ಇನ್ನೊಮ್ಮೆ ಕೇಳುವ ಪರದೆ ಇಡಬಹುದು. ಹಾಗೆ ಮಾಡಿದರೆ ಲೀಡ್ ಸಂಖ್ಯೆ ಇಳಿಯುತ್ತೆ. ನಮ್ಮ ಬಾಸ್‌ಗೆ ಅದು ಬೇಕಿರಲಿಲ್ಲ.

ಬಂದ ಲೀಡ್ ಮೊದಲ ದಿನ ನಾಲ್ಕು ಜನಕ್ಕೆ ಮಾರಾಟ. ನಾಲ್ವರಿಗೂ 'ಫ್ರೆಶ್' ಅಂತಲೇ ಹೇಳೋದು. ಹದಿನೈದು ದಿನ ಆದಮೇಲೆ ಅದೇ ಪಟ್ಟಿ ಅರ್ಧ ಬೆಲೆಗೆ ಬೇರೆ ಊರಿನವರಿಗೆ. ಕೊನೆಗೆ ಎಕ್ಸೆಲ್ ಆಗಿ ಟೆಲಿಗ್ರಾಂ ಗುಂಪುಗಳಲ್ಲಿ ಸಾವಿರಕ್ಕೆ ಇಷ್ಟು ಅಂತ ಬಿಕರಿ. ಕಬ್ಬಿನ ಹಾಲಿನ ಗಾಡಿ ನೋಡಿದ್ದೀರಲ್ಲ, ಅದೇ ಜಲ್ಲೆ ಮಡಚಿ ಮಡಚಿ ಮತ್ತೆ ಹಾಕ್ತಾನಲ್ಲ, ಹಾಗೆ. 'ಕೆಟ್ಟ ಲೀಡ್ ಬದಲಿಸಿ ಕೊಡ್ತೀವಿ' ಅನ್ನೋ ಮಾತಿನ ಹಿಂದಿದ್ದ ನಿಯಮ ಗೊತ್ತಾ? ರಿಂಗ್ ಆದರೆ ಲೀಡ್ ಸರಿ ಇದೆ. ಎತ್ತಿದವರು ನಿಮಗೆ ಬೈದರೂ ಲೀಡ್ ಸರಿ ಇದೆ.

@ಬೆಣ್ಣೆದೋಸೆ_ಏಜೆಂಟ್ ಒಂದು ಕೆಲಸ ಮಾಡಿ. ಯಾವ ಜಾಹೀರಾತಿನಿಂದ ಬಂದ ಲೀಡ್ ಇವು, ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಕೊಡಿ ಅಂತ ಅವರನ್ನು ಕೇಳಿ. ಆ 436 ನನಗೆ ಯಾಕೋ ಕಚಗುಳಿ ಇಡ್ತಿದೆ.

ಡಲ್ಲಾಸ್_ಶಾನುಭೋಗ
ಇಲ್ಲಿ ಟೆಕ್ಸಸ್‌ನಲ್ಲಿ ನಾನೂ ವಿಮೆ ಮಾರುವವನೇ. ಇದೇ ಹಾಡು, ರಾಗ ಮಾತ್ರ ಸ್ವಲ್ಪ ವಿಲಂಬಿತ. ಇಲ್ಲಿ ಲೀಡ್‌ಗೆ ಜಾತಿಗಳಿವೆ: ಒಬ್ಬನಿಗೇ ಮಾರಿದ್ದು, ಹಲವರಿಗೆ ಹಂಚಿದ್ದು, ಹಳಸಿದ್ದು, ಫೋನಿನಲ್ಲೇ ಇದ್ದಾಗ ನೇರವಾಗಿ ನಮಗೆ ದಾಟಿಸಿದ್ದು. ಜನ ಫಾರಂ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಅದು ಹರಾಜಿಗೆ ಬಿದ್ದು ಹೆಚ್ಚು ಕೂಗಿದವರ ಪಾಲಾಗುತ್ತೆ. ಎಪಿಎಂಸಿ ಯಾರ್ಡ್ ನೆನಪಾಗುತ್ತೆ, ದಲ್ಲಾಳಿ ಮಾತ್ರ ಕಂಪ್ಯೂಟರ್.

ಹೆದರಿಕೆ ಏನೆಂದರೆ ಇಲ್ಲಿನ 1991ರ ಟೆಲಿಫೋನ್ ಕಾಯಿದೆ. ಒಪ್ಪಿಗೆ ಇಲ್ಲದೆ ಯಂತ್ರದಿಂದ ಫೋನ್ ಮಾಡಿದರೆ ಒಂದೊಂದು ಫೋನಿಗೆ 500 ಡಾಲರ್, ಬೇಕೆಂದೇ ಮಾಡಿದ್ದಾದರೆ 1,500ರವರೆಗೆ. ಮಾರಿದವನನ್ನು ಬಿಟ್ಟು ಫೋನ್ ಮಾಡಿದ ಏಜೆಂಟನ ಮೇಲೇ ದಾವೆ ಬೀಳುವುದು ಮಾಮೂಲು. ಒಂದು ಒಪ್ಪಿಗೆ ಒಬ್ಬನೇ ಮಾರಾಟಗಾರನಿಗೆ ಅನ್ನುವ ಹೊಸ ನಿಯಮ 2025ರ ಜನವರಿ 27ಕ್ಕೆ ಬರಬೇಕಿತ್ತು. ಮೂರು ದಿನ ಮುಂಚೆ ಮೇಲ್ಮನವಿ ಕೋರ್ಟ್ ಅದನ್ನು ಹೊಡೆದುಹಾಕಿತು. ಕೇಸ್ ಹಾಕಿದ್ದು ವಿಮಾ ಮಾರ್ಕೆಟಿಂಗ್‌ನವರ ಒಕ್ಕೂಟವೇ. ನಾನು ಖುಷಿಪಡಬೇಕಿತ್ತು, ಸಂಜೆ ನನ್ನ ಹೆಂಡತಿಯ ಫೋನಿಗೆ ಬಂದ ಒಂಬತ್ತು ಕರೆ ನೋಡಿ ಸುಮ್ಮನಾದೆ.

ಕೋರ್ಟ್_ರಸ್ತೆ
ಕಾನೂನಿನ ಮಾತು ಬಂತು, ಊರಿನ ಕಾನೂನೂ ಇರಲಿ.

ಲೀಡ್‌ಗೆ ಇಷ್ಟು ಅಂತ ಬಿಲ್ ಕೊಟ್ಟು ಹಣ ಪಡೆಯುವುದು ಒಂದು. 'ಮುಂಗಡ ಏನೂ ಬೇಡ, ಪಾಲಿಸಿ ಆದರೆ ಕಮಿಷನ್‌ನಲ್ಲಿ ಪಾಲು ಕೊಡಿ' ಅನ್ನುವವರೂ ಇದ್ದಾರೆ. ಆಫರ್ ಸಿಹಿಯಾಗಿ ಕಾಣುತ್ತೆ, ಹತ್ತಿರ ಹೋಗಬೇಡಿ. 1938ರ ವಿಮಾ ಕಾಯಿದೆಯ 40ನೇ ಸೆಕ್ಷನ್ ಪ್ರಕಾರ ವಿಮೆ ತಂದುಕೊಟ್ಟದ್ದಕ್ಕೆ ಪ್ರತಿಫಲ ಪಡೆಯುವ ಹಕ್ಕು ಏಜೆಂಟ್ ಅಥವಾ ನೋಂದಾಯಿತ ಮಧ್ಯವರ್ತಿಗೆ ಮಾತ್ರ. ಆನ್‌ಲೈನ್‌ನಲ್ಲಿ ಪಾಲಿಸಿಗಳನ್ನು ಹೋಲಿಸಿ ತೋರಿಸುವವರೂ 2017ರ ವೆಬ್ ಅಗ್ರಿಗೇಟರ್ ನಿಯಮಗಳ ಕೆಳಗೆ ವಿಮಾ ನಿಯಂತ್ರಕ ಐಆರ್‌ಡಿಎಐ ನೋಂದಣಿ ಪಡೆಯಬೇಕು. ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸುವ ಪುಣ್ಯಾತ್ಮನ ಹತ್ತಿರ ಆ ನೋಂದಣಿ ಇದೆಯಾ ಕೇಳಿ ನೋಡಿ.

@ಫಾರಂ_ತುಂಬಿದವಳು ಹೇಳಿದ 'ಮೊದಲ ಕಂತು ವಾಪಸ್' 41ನೇ ಸೆಕ್ಷನ್‌ನಲ್ಲಿ ನಿಷಿದ್ಧ, ದಂಡ ಹತ್ತು ಲಕ್ಷದವರೆಗೆ. ಒಂದೇ ಲೀಡನ್ನು ನಾಲ್ಕು ಜನಕ್ಕೆ ಮಾರಿದಾಗ ಆಗುವುದೇ ಇದು. ನಾಲ್ವರಿಗೂ ಬೇರೆ ಆಯುಧ ಇಲ್ಲ, ಕಮಿಷನ್ ಬಿಟ್ಟುಕೊಡ್ತಾರೆ. ಶುಗರ್ ಮುಚ್ಚಿಡಿ ಅಂದವನದ್ದು ಇನ್ನೂ ಕೆಟ್ಟದ್ದು. ಕ್ಲೇಮ್ ತಿರಸ್ಕಾರ ಆದ ದಿನ ಆಸ್ಪತ್ರೆ ಬಿಲ್ ಹಿಡಿದು ನಿಲ್ಲುವವರು ಅಮ್ಮ ಮಗಳು, ಅವನಲ್ಲ.

ಫೋನ್ ವಿಚಾರ: ನಿಮ್ಮ ಹತ್ತು ಅಂಕಿಯ ಸ್ವಂತ ನಂಬರ್‌ನಿಂದ ಗುರುತಿಲ್ಲದವರಿಗೆ ಸಾಲಾಗಿ ಮಾರಾಟದ ಫೋನ್ ಮಾಡಿದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ಕಣ್ಣಿಗೆ ನೀವು ನೋಂದಣಿ ಇಲ್ಲದ ಟೆಲಿಮಾರ್ಕೆಟರ್. 2025ರ ತಿದ್ದುಪಡಿ ನಂತರ ಹತ್ತು ದಿನದಲ್ಲಿ ಐದು ದೂರು ಬಂದರೆ ಸಾಕು ಕ್ರಮಕ್ಕೆ. ಮೊದಲ ಸಲ ಹದಿನೈದು ದಿನ ಹೊರಹೋಗುವ ಕರೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಸಂಪರ್ಕ ಕಡಿತ. ಬೈದ ಆ ಇಬ್ಬರು 1909ಕ್ಕೆ ದೂರು ಕೊಡದೆ ಬಿಟ್ಟಿದ್ದರೆ ಅವರಿಗೊಂದು ನಮಸ್ಕಾರ ಹಾಕಿ.

ಎಮ್‌ಡಿಆರ್‌ಟಿ_ಕನಸು
ಎಲ್ಲರೂ ಹೆದರಿಸ್ತಿದ್ದೀರಾ. ನಾನು ಮೂರು ವರ್ಷದಿಂದ ಲೀಡ್ ತಗೊಳ್ತಿದ್ದೀನಿ, ನಷ್ಟ ಆಗಿಲ್ಲ. ಐದು ನಿಮಿಷದಲ್ಲಿ ಫೋನ್ ಮಾಡಬೇಕು, ಸ್ಕ್ರಿಪ್ಟ್ ಬಾಯಿಪಾಠ ಇರಬೇಕು. ಇದು ನಂಬರ್ಸ್ ಗೇಮ್.

ಕುಡ್ಲದ_ಲೆಕ್ಕಿಗ
@ಎಮ್‌ಡಿಆರ್‌ಟಿ_ಕನಸು ಸರಿ, ನಂಬರ್ ಹೇಳಿ. ಎಷ್ಟು ಲೀಡ್, ಎಷ್ಟು ಪಾಲಿಸಿ, ಎರಡನೇ ಕಂತು ಕಟ್ಟಿದವರು ಎಷ್ಟು?

ಎಮ್‌ಡಿಆರ್‌ಟಿ_ಕನಸು
ಅದೆಲ್ಲ ಇಲ್ಲಿ ಹಾಕಲ್ಲ. ಆದರೆ ಟರ್ಮ್ ಮತ್ತು ಹೆಲ್ತ್ ಲೀಡ್ ಮಾತ್ರ ತಗೊಳ್ತೀನಿ, ನನ್ನ ಪಿನ್‌ಕೋಡ್ ಸುತ್ತಲಿನದ್ದು ಮಾತ್ರ, ಇಪ್ಪತ್ತಕ್ಕಿಂತ ಜಾಸ್ತಿ ಒಂದೇ ಸಲ ತಗೊಳ್ಳಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ, ಆರೋಗ್ಯ ವಿಮೆ ಮೇಲಿನ ಶೇ. 18 ಜಿಎಸ್‌ಟಿ ಹೋದಮೇಲೆ ಜನ ತಾವಾಗೇ ವಿಚಾರಿಸ್ತಿದ್ದಾರೆ. ಎಂಡೋಮೆಂಟ್ (ಉಳಿತಾಯವೂ ಸೇರಿದ ಪಾಲಿಸಿ) ಮಾರೋಕೆ ಲೀಡ್ ತಗೊಂಡರೆ ಯಾರಿಗಾದರೂ ನಷ್ಟವೇ. ಅದು ಫೋನಲ್ಲಿ ಆಗುವ ಮಾತಲ್ಲ.

ಕುಡ್ಲದ_ಲೆಕ್ಕಿಗ
ಇದು ಮಾತು. ಮೊದಲ ಪೋಸ್ಟಿನಲ್ಲೇ ಇದನ್ನು ಬರೆಯಬಹುದಿತ್ತಲ್ಲ ಮಾರಾಯ್ರೆ.

ಸಖಿ_ಹಾವೇರಿ
ನಾನು ಬೀಮಾ ಸಖಿ ರೀ, ಎಲ್‌ಐಸಿ ಸ್ಕೀಮ್‌ನಾಗ ಸೇರಿದ ಮಹಿಳಾ ಏಜೆಂಟ್, ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮೊದಲ ವರ್ಷ ತಿಂಗಳಿಗೆ 7,000 ಸ್ಟೈಪೆಂಡ್ ಕೊಡ್ತಾರ, ಎರಡನೇ ವರ್ಷ 6,000, ಮೂರನೇದಕ್ಕ 5,000. ಸುಮ್ಮನ ಕೊಡಂಗಿಲ್ಲ, ಟಾರ್ಗೆಟ್ ಐತಿ. ಅದಕ್ಕ ಒಂದು ತಿಂಗಳು ಕಡಿಮಿ ಬಿದ್ದಾಗ ನನಗೂ ವಾಟ್ಸಾಪ್‌ನಾಗ ಒಬ್ಬರು ಪಟ್ಟಿ ಕೊಡ್ತೀನಿ ಅಂದ್ರು. 'ನಿಮ್ಮ ತಾಲ್ಲೂಕಿನ ಸ್ವಸಹಾಯ ಸಂಘದ ಹೆಣ್ಮಕ್ಕಳ ಪಟ್ಟಿ, ಎರಡು ಸಾವಿರ ಹೆಸರು.' ನೋಡಾಕ ಒಂದು ಹಾಳಿ ಕಳಿಸಿದ್ರು.

ಆ ಹಾಳಿಯಾಗ ನಮ್ಮ ಸಂಘದವರ ಹೆಸರಿದ್ವು. ಫೋನ್ ನಂಬರ್, ಗಂಡನ ಹೆಸರು, ಆಧಾರ್‌ನ ಕಡೀ ನಾಲ್ಕು ಅಂಕಿ. ಹನ್ನೆರಡನೇ ಸಾಲಿನಾಗ ನಮ್ಮ ಅತ್ತಿಯವರ ಹೆಸರು. ಅವರಿಗೆ ಫೇಸ್‌ಬುಕ್ ಅಂದ್ರ ಏನಂತ ಗೊತ್ತಿಲ್ಲ, ಫಾರಂ ಎಲ್ಲಿಂದ ತುಂಬ್ತಾರ? ಸಾಲ ಕೊಡೋವಾಗ ಯಾರೋ ಬರಕೊಂಡು ಹೋಗಿದ್ದು, ಎಲ್ಲಿಂದ ಎಲ್ಲಿಗೋ ಹೋಗೇತಿ. ನಾನು ಬ್ಲಾಕ್ ಮಾಡಿದೆ. ಬ್ಲಾಕ್ ಮಾಡೋಕಿಂತ ದೂರು ಕೊಡಬೇಕಿತ್ತು ಅಂತ ಈಗ ಅನಸ್ತೈತಿ.

ಕೋರ್ಟ್_ರಸ್ತೆ
ಅಕ್ಕ, ಆ ಮೆಸೇಜ್ ಅಳಿಸಿಲ್ಲ ಅಂದರೆ ಈಗಲೂ ಕೊಡಬಹುದು. ಸೈಬರ್ ದೂರಿಗೆ 1930 ಇದೆ, ಹತ್ತಿರದ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೂ ಹೋಗಬಹುದು. 2023ರ ದತ್ತಾಂಶ ರಕ್ಷಣೆ ಕಾಯಿದೆಗೆ 2025ರ ನವೆಂಬರ್‌ನಲ್ಲಿ ನಿಯಮ ಬಂದಿವೆ, ಮುಖ್ಯ ಹೊಣೆಗಳು ಜಾರಿಯಾಗಲು ಹದಿನೆಂಟು ತಿಂಗಳ ಗಡುವು. ಅದು ಪೂರ್ತಿ ಬಂದಮೇಲೆ ಇಂಥ ಪಟ್ಟಿ ಮಾರಿದವನಷ್ಟೇ ಅಲ್ಲ, ಕೊಂಡು ಫೋನಲ್ಲಿ ಇಟ್ಟುಕೊಂಡವನೂ ಉತ್ತರ ಕೊಡಬೇಕಾಗುತ್ತೆ.

ನಿವೃತ್ತ_ಡಿಓ_ಧಾರವಾಡ
ಫಾರಂ ತುಂಬಿದ ತಂಗಿ ಹೇಳಿದ್ದು ನಿನ್ನೆಯಿಂದ ತಲಿಯಾಗ ಕೂತೈತಿ. ಆಕಿ ಹೇಳಿದಂಥ ಪಾಲಿಸಿ ನಮ್ಮ ಏಜೆಂಟರೂ ಮಾಡಿಸ್ಯಾರ, ನಾನೂ ಸಹಿ ಹಾಕೀನಿ. ಟರ್ಮ್ ಆಗಲೂ ಇತ್ತು. ಕಮಿಷನ್ ಕಡಿಮಿ, ಯಾರೂ ತೋರಸ್ತಿದ್ದಿಲ್ಲ. ಇಷ್ಟ.

ಬೆಣ್ಣೆದೋಸೆ_ಏಜೆಂಟ್
ಎಲ್ಲರಿಗೂ ಥ್ಯಾಂಕ್ಸ್. ಮಾಜಿ ಲೀಡ್ ಹುಡುಗ ಅಣ್ಣ ಹೇಳಿದಂತೆ ಸ್ಕ್ರೀನ್‌ಶಾಟ್ ಕೇಳಿದೆ. ಮೂರು ದಿನ ಸತಾಯಿಸಿ ಇವತ್ತು ಕಳಿಸಿದರು. ನೋಡಿ ತಲೆ ತಿರುಗಿತು.

ರಾಷ್ಟ್ರಧ್ವಜದ ಬಣ್ಣದ ಪಟ್ಟಿ, ಕೆಳಗೆ ದೊಡ್ಡ ಅಕ್ಷರದಲ್ಲಿ: 'ಸರ್ಕಾರದ ವಿಮೆ, ವರ್ಷಕ್ಕೆ ಕೇವಲ 436 ರೂಪಾಯಿ, 2 ಲಕ್ಷ ಕವರ್. ಇಂದೇ ನೋಂದಾಯಿಸಿ.'

ಮಾಜಿ_ಲೀಡ್_ಹುಡುಗ
ಅದೇ ಅಂದುಕೊಂಡೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ. ಬ್ಯಾಂಕ್ ಖಾತೆಯಿಂದ ಕಟ್ ಆಗುವ ಯೋಜನೆ, 18ರಿಂದ 50 ವರ್ಷದವರಿಗೆ. ಅದನ್ನು ತೋರಿಸಿದರೆ ಜನ ಮುಗಿಬಿದ್ದು ಒತ್ತುತ್ತಾರೆ, ಲೀಡ್ ನಮಗೆ ಕವಡೆ ಕಾಸಿಗೆ ಬೀಳುತ್ತೆ. ನಿಮಗೆ 'ಜೀವ ವಿಮೆ ಲೀಡ್' ಅಂತ 150ಕ್ಕೆ. ಸುಳ್ಳು ಅಂತ ಹೇಳೋಕೂ ಆಗಲ್ಲ ನೋಡಿ, ಜೀವ ವಿಮೆಯೇ ತಾನೆ.

ನಿಮ್ಮ ಮಾತು ಸರಿಯಿರಲಿಲ್ಲ ಅಂತಲ್ಲ ತಮ್ಮ. ಅವರು 436 ಕೇಳೋಕೆ ಕೂತಿದ್ದರು, ನೀವು 24,000ದ ಕತೆ ಹೇಳಿದಿರಿ.

ಕೋರ್ಟ್_ರಸ್ತೆ
ಆ ಸ್ಕ್ರೀನ್‌ಶಾಟ್ ಜೋಪಾನವಾಗಿ ಇಟ್ಟುಕೊಳ್ಳಿ. ಬಿಲ್, ಹಣ ಕಳಿಸಿದ ರಶೀದಿ, ಚಾಟ್ ಎಲ್ಲವೂ. ಗ್ರಾಹಕ ವೇದಿಕೆಗೆ ಹೋಗುವ ಮುಂಚೆ ಒಂದು ನೋಟಿಸ್ ಕಳಿಸಿ ನೋಡೋಣ. ಮತ್ತೆ, ನಿಮ್ಮ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಏಜೆಂಟ್ ಯಾವ ಪಾಲಿಸಿಯ ಜಾಹೀರಾತನ್ನೂ ಬಿಡುವಂತಿಲ್ಲ. 'ನಿಮ್ಮ ಹೆಸರಲ್ಲೇ ಜಾಹೀರಾತು ಬಿಡ್ತೀವಿ' ಅಂತ ಅವರು ಮುಂದಿನ ಪ್ಯಾಕೇಜ್ ಹೇಳಿದರೆ ಒಪ್ಪಬೇಡಿ. ಆಗ ಕುತ್ತಿಗೆ ನಿಮ್ಮದು.

ಬೆಣ್ಣೆದೋಸೆ_ಏಜೆಂಟ್
ಅದನ್ನು ಆಗಲೇ ಹೇಳಿದ್ದಾರೆ ಸರ್, 'ಪ್ರೀಮಿಯಂ ಪ್ಯಾಕ್' ಅಂತ 35,000. ಬೇಡ ಅಂದೆ.

ನೋಟ್‌ಬುಕ್ ಮತ್ತೆ ತೆಗೆದು ನೋಡಿದೆ. 436 ಕೇಳಿದವರು ಆರು ಜನ. ಹರಿಹರದ ಒಬ್ಬರು ಹೋಟೆಲ್‌ನಲ್ಲಿ ಕೆಲಸ ಮಾಡೋರು, ಇಬ್ಬರು ಮಿಲ್ ಕಡೆಯವರು, ಒಬ್ಬರು ಅಂಗನವಾಡಿ ಸಹಾಯಕಿ. ಆರೂ ಜನಕ್ಕೆ ಫೋನ್ ಮಾಡಿ, ಅದಕ್ಕೆ ಏಜೆಂಟ್ ಬೇಕಿಲ್ಲ, ನಿಮ್ಮ ಬ್ಯಾಂಕಲ್ಲೋ ಪೋಸ್ಟ್ ಆಫೀಸಲ್ಲೋ ಫಾರಂ ಕೊಡ್ತಾರೆ, 436 ಕಟ್ಟಿ ಅಂತ ಹೇಳೋಣ ಅಂತಿದ್ದೀನಿ. ನನಗೇನೂ ಸಿಗಲ್ಲ ಗೊತ್ತು. ಇನ್ನೊಂದು ಸಲ ಫೋನ್ ಮಾಡಿದರೆ 1909ಕ್ಕೆ ದೂರು ಹೋಗುತ್ತಾ ಅಂತ ಭಯ ಅಷ್ಟೇ.

ಫಾರಂ_ತುಂಬಿದವಳು
ಫೋನ್ ಬೇಡ, ಮೆಸೇಜ್ ಹಾಕಿ. ಎರಡೇ ಸಾಲು.

ಸಖಿ_ಹಾವೇರಿ
ಅಣ್ಣಾ, 436 ಅಂತ ಬರೀಬ್ಯಾಡ್ರಿ. ಅದು ಜೂನ್‌ನಿಂದ ಆಗಸ್ಟ್ ಒಳಗ ಸೇರಿದವರಿಗೆ. ಈಗ ಡಿಸೆಂಬರ್, ಫೆಬ್ರವರಿ ತನಕ ಸೇರಿದ್ರ 228. ಮೇ 31ರ ತನಕ ನಡೀತೈತಿ, ಆಮ್ಯಾಲ ಖಾತೆಯಾಗ 436 ಇಟ್ಟಿರಬೇಕು, ತಾನ ಕಟ್ ಆಗತೈತಿ. ಮೊದಲ 30 ದಿನ ಅಪಘಾತ ಬಿಟ್ಟು ಬ್ಯಾರೇದಕ್ಕ ಕ್ಲೇಮ್ ಬರಂಗಿಲ್ಲ, ಅದನ್ನೂ ಬರೀರಿ. ಅಂಗನವಾಡಿ ಅಕ್ಕನ ವಯಸ್ಸು 50 ದಾಟಿಲ್ಲ ತಾನ?

ಬೆಣ್ಣೆದೋಸೆ_ಏಜೆಂಟ್
48 ಅಂದಿದ್ದರು. ಈಗಲೇ ಹಾಕ್ತೀನಿ.